ಮರದ ಮೇಲಿನ ನೆಂಟರು: ಗಾಳಿಗಿಡಗಳ ಚರಿತ್ರೆಯಿಂದ ಕೆಲವು ಪುಟಗಳು

ಮಾವಿನ ಕೊಂಬೆಯಲ್ಲಿ ಮಾವಿನದಲ್ಲದ ಎಲೆ ಕಂಡರೆ ನಮ್ಮ ಗಡಿನಾಡಿನಲ್ಲಿ ಅದಕ್ಕೆ ಸಿಗುವ ತೀರ್ಪು ಒಂದೇ: "ಬಂದಳಿಕೆ ಹಿಡಿದಿದೆ, ಕಡಿದು ಬಿಡಿ." ಕತ್ತಿ ಸಿಕ್ಕಿಸಿಕೊಂಡು ಮರ ಹತ್ತಿದವರು ಬಂದಳಿಕೆಯೊಂದಿಗೆ ಪಕ್ಕದ ಕೊಂಬೆಯ ಸೀತಾಳೆಯನ್ನೂ, ಸೀತಾಳೆಯೊಂದಿಗೆ ಜರಿಗಿಡವನ್ನೂ ಕೆತ್ತಿ ಕೆಳಗೆ ಹಾಕುತ್ತಾರೆ. ಮರ ಚೊಕ್ಕಟವಾಯಿತು ಎಂದು ಯಜಮಾನರಿಗೂ ಸಮಾಧಾನ. ಆದರೆ ಈ ಮೂರರಲ್ಲಿ ಮರದ ರಸ ಹೀರುತ್ತಿದ್ದುದು ಒಂದು ಮಾತ್ರ. ಉಳಿದ ಎರಡು ಏನು ತಪ್ಪು ಮಾಡಿದ್ದವು?

ಬಂದಳಿಕೆಯ ಬೇರು ಕೊಂಬೆಯ ತೊಗಟೆಯನ್ನು ಕೊರೆದು ಒಳಗೆ ಇಳಿಯುತ್ತದೆ. ಮರವು ನೆಲದಿಂದ ಎಳೆದು ತಂದ ನೀರನ್ನೂ ಲವಣವನ್ನೂ ಅದು ನಡುದಾರಿಯಲ್ಲಿ ಕದಿಯುತ್ತದೆ. ಸೀತಾಳೆ, ಮರಬಾಳೆ, ಜರಿಗಿಡಗಳದು ಹಾಗಲ್ಲ. ಅವುಗಳ ಬೇರು ತೊಗಟೆಯನ್ನು ಅಪ್ಪಿ ಹಿಡಿಯುತ್ತದೆಯೇ ಹೊರತು ಒಳಹೊಕ್ಕು ಉಣ್ಣುವುದಿಲ್ಲ. ಮಳೆಯ ನೀರು, ಮಂಜಿನ ತೇವ, ಗಾಳಿಯಲ್ಲಿ ಹಾರಿ ಬಂದ ಧೂಳು, ಕೊಂಬೆಯ ಸಂದಿಯಲ್ಲಿ ಕೊಳೆತ ತರಗೆಲೆ - ಇಷ್ಟೇ ಅವುಗಳ ಊಟ. ಇಂಥವನ್ನು ಕನ್ನಡದಲ್ಲಿ ಅಪ್ಪುಗಿಡ ಎಂದು ಕರೆದಿದ್ದಾರೆ. ಎಷ್ಟು ಒಪ್ಪುವ ಹೆಸರು! ಮರ ಅವುಗಳಿಗೆ ಮನೆಯೇ ಹೊರತು ಅನ್ನದ ಬಟ್ಟಲಲ್ಲ.

ಈ ವ್ಯತ್ಯಾಸ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಚರಿತ್ರೆಯಲ್ಲಿ ಮಾತ್ರ ಇದು ಎರಡು ಅಂಕಕ್ಕೆ ಮುಗಿದಿಲ್ಲ. ಮರದ ಮೇಲೆ ಕುಳಿತ ಗಿಡವನ್ನು ಮನುಷ್ಯರು ಹೇಗೆ ಕಂಡರು, ಏನೆಂದು ಕರೆದರು, ಯಾಕೆ ಕಡಿದರು, ಯಾಕೆ ತೋಟಕ್ಕೆ ತಂದರು ಎಂಬ ಕಥೆ ನಮ್ಮ ಕಡಲತೀರದಿಂದ ಅಮೆರಿಕ ಖಂಡದ ತನಕ ಹಬ್ಬಿದೆ. ಅದರ ಕೆಲವು ಪುಟಗಳನ್ನು ಇಲ್ಲಿ ತಿರುವಿ ನೋಡೋಣ.

ಹನ್ನೆರಡನೆಯ ಸಂಪುಟ

ಮೊದಲ ಪುಟ ನಮ್ಮದೇ ಕರಾವಳಿಯದು. 1670ರ ದಶಕದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ದೊಡ್ಡದೊಂದು ಗ್ರಂಥ ಮಾಡಿಸಲು ಹೊರಟ. ಅದೇ 'ಹೊರ್ತುಸ್ ಮಲಬಾರಿಕುಸ್'. ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಗಿಡಗಳ ಹೆಸರು, ಗುಣ, ಉಪಯೋಗಗಳನ್ನು ಹೇಳಿಕೊಟ್ಟವರು ಈ ನೆಲದವರೇ: ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು, ಮತ್ತು ಕೊಂಕಣಿ ಮಾತಿನ ಮೂವರು ಪಂಡಿತರು - ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ತಾವು ಹೇಳಿದ್ದು ನಿಜವೆಂದು 1675ರಲ್ಲಿ ಇವರು ತಮ್ಮ ತಮ್ಮ ಲಿಪಿಯಲ್ಲಿ ಬರೆದುಕೊಟ್ಟ ಮಾತು ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ವಾನ್ ರೀಡ್ ಮಾತ್ರ ಗ್ರಂಥ ಪೂರ್ತಿಯಾದುದನ್ನು ಕಾಣಲಿಲ್ಲ. 1691ರಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡ.

ಕೊನೆಯ ಸಂಪುಟದಲ್ಲಿ ಮರದ ಮೇಲೆ ಬೆಳೆಯುವ ಗಿಡಗಳ ಸಾಲೇ ಇದೆ. ಅವುಗಳ ಹೆಸರಿನ ಕೊನೆಯಲ್ಲಿ 'ಮರವಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಡಚ್ಚರ ಕಿವಿಗೆ ಕೇಳಿಸಿದ ಈ 'ಮರವಾರ' ಮಲಯಾಳದ ಮರವಾಳ, ಅಂದರೆ ನಮ್ಮ ಮರಬಾಳೆ! ಮರದ ಮೇಲಿನ ಬಾಳೆ ಎಂದು ಎರಡೂ ಭಾಷೆಯವರು ಒಂದೇ ಮನಸ್ಸಿನಿಂದ ಹೆಸರಿಟ್ಟಿದ್ದಾರೆ. ಈ ಮಾತಿಗೆ ತಲಪಾಡಿಯ ಗಡಿಕಲ್ಲು ಅಡ್ಡ ಬಂದಿಲ್ಲ.

ಇನ್ನೂ ಒಂದು ವಿಶೇಷವಿದೆ. 'ಅಂಜೆಲಿ ಮರವಾರ' ಎಂದು ಆ ಗ್ರಂಥ ಕರೆದದ್ದು ನಮ್ಮ ಸೀತಾಳೆ ದಂಡೆಯನ್ನು. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. 'ಕಾಂಜಿರಂ ಮರವಾರ' ಎಂದದ್ದು ದಪ್ಪ ಪಟ್ಟಿಯಂಥ ಎಲೆಯ, ಹೂಗೊಂಚಲು ಕೆಳಗೆ ಜೋಲುವ ಇನ್ನೊಂದು ಮರಬಾಳೆಯನ್ನು. ಕಾಂಜಿರ ಎಂದರೆ ಕಾಸರಕ. ಕಾಸರಕ ಮರಗಳ ನಾಡಾದ್ದರಿಂದ ಕಾಸರಗೋಡು ಎಂಬ ಹೆಸರು ಬಂತೆಂದು ಒಂದು ಅಭಿಪ್ರಾಯವಿದೆ. ಕಾಸಾರ ಎಂದರೆ ಕೆರೆ, ಅದರಿಂದ ಬಂತೆನ್ನುವವರೂ ಇದ್ದಾರೆ. ಅದೇನೇ ಇರಲಿ, ನಮ್ಮ ಜಿಲ್ಲೆಯ ಹೆಸರಿನ ಮರ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಹೂವಿನ ವಿಳಾಸವಾಗಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು ಎಂಬುದು ಸಣ್ಣ ಸಂಗತಿಯಲ್ಲ.

ಅಂದರೆ ಹೆಸರು ಹೇಳಿಕೊಟ್ಟವರು ಗಿಡವನ್ನು ಅದು ಕುಳಿತ ಮರದೊಂದಿಗೆ ಸೇರಿಸಿ ನೋಡುತ್ತಿದ್ದರು. "ಯಾರ ಮನೆಯ ಮಗು?" ಎಂದು ನಾವು ಕೇಳುವುದಿಲ್ಲವೇ, ಹಾಗೆ. ಸೀತಾಳೆ ಹೆಬ್ಬಲಸಿನಲ್ಲಿ ಮಾತ್ರ ಬೆಳೆಯುತ್ತದೆ ಎಂದಲ್ಲ, ಹಲಸು ಮಾವುಗಳಲ್ಲೂ ಅದು ಬೆಳೆಯುತ್ತದೆ. ಆದರೂ ಹೆಸರಿನಲ್ಲಿ ಮನೆಯ ಗುರುತು ಇತ್ತು.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆಲ್ಲ ಎರಡೆರಡು ಪದದ ಲ್ಯಾಟಿನ್ ಹೆಸರಿಟ್ಟ. ಭಾರತಕ್ಕೆ ಎಂದೂ ಬಾರದ ಅವನು ನಮ್ಮ ಮರಬಾಳೆಗಳನ್ನು ಗುರುತಿಸಿದ್ದು ವಾನ್ ರೀಡನ ಚಿತ್ರಗಳನ್ನು ನೋಡಿ. ಅವನ್ನು 'ಎಪಿಡೆಂಡ್ರಂ', ಅಂದರೆ ಮರದ ಮೇಲಿನದು, ಎಂಬ ಗುಂಪಿಗೆ ಸೇರಿಸಿದ. ಕಾಂಜಿರಂ ಮರವಾರವು 'ಅಲೋಯಿಫೋಲಿಯಂ' ಆಯಿತು, ಅಂದರೆ ಲೋಳೆಸರದಂಥ ಎಲೆಯದು. ಜಗತ್ತಿಗೆಲ್ಲ ಒಂದೇ ಹೆಸರು ಸಿಕ್ಕಿದ್ದು ದೊಡ್ಡ ಅನುಕೂಲವೇ. ಆದರೆ ಯಾವ ಮರದ ಮೇಲಿನ ಗಿಡ ಎಂಬ ಗುರುತು ಆ ಹೆಸರಿನಿಂದ ಬಿದ್ದುಹೋಯಿತು. ವಾನ್ ರೀಡನ ಗ್ರಂಥವನ್ನು ಪ್ರೊಫೆಸರ್ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಲ್ಯಾಟಿನ್ನಿನಿಂದ ಇಂಗ್ಲಿಷಿಗೂ (2003) ಮಲಯಾಳಕ್ಕೂ (2008) ತಂದರು. ಹಾಗಾಗಿ ಆ ಹಳೆಯ ಹೆಸರುಗಳು ಇಂದು ನಮ್ಮ ಕೈಗೂ ಸಿಗುವಂತಾಗಿವೆ.

ಕಡಲು ದಾಟಿ ಬಂದ ಹಲಸು

ಇನ್ನು ಅಮೆರಿಕ ಖಂಡಕ್ಕೆ ಹೋಗೋಣ. ಅಲ್ಲಿ ಮರವೇರಿ ಕುಳಿತ ಗಿಡಗಳಲ್ಲಿ ದೊಡ್ಡ ಪಾಲು ಬ್ರೊಮೆಲಿಯಾಡ್ ಎಂಬ ಕುಟುಂಬದ್ದು. 3,500ಕ್ಕೂ ಹೆಚ್ಚು ಜಾತಿಗಳಿರುವ ಈ ಕುಟುಂಬದ ಸುಮಾರು ಅರ್ಧದಷ್ಟು ಮರಗಳ ಮೇಲೆ ಬೆಳೆಯುತ್ತವೆ. ಪಶ್ಚಿಮ ಆಫ್ರಿಕದ ಗಿನಿ ದೇಶದ ಬಂಡೆಗಳಲ್ಲಿ ಬೆಳೆಯುವ ಒಂದೇ ಒಂದು ಜಾತಿಯನ್ನು ಬಿಟ್ಟರೆ ಉಳಿದವೆಲ್ಲ ಅಮೆರಿಕ ಖಂಡದವು. ಭಾರತದ ಕಾಡಿನಲ್ಲಿ ಸಹಜವಾಗಿ ಹುಟ್ಟಿದ ಬ್ರೊಮೆಲಿಯಾಡ್ ಒಂದೂ ಇಲ್ಲ.

ಆದರೂ ಈ ಕುಟುಂಬದ ಒಬ್ಬ ಸದಸ್ಯ ನಮಗೆಲ್ಲ ಚಿರಪರಿಚಿತ. ರಬ್ಬರ್ ಸಸಿಗಳ ನಡುವೆ, ಗುಡ್ಡದ ಬೇಲಿಯ ಬದಿಯಲ್ಲಿ, ಜಾತ್ರೆಯ ಗಾಡಿಗಳಲ್ಲಿ ಉಪ್ಪುಖಾರ ಹಚ್ಚಿ ಮಾರುವ ಅನಾನಸು! ಅದು ನೆಲದಲ್ಲಿ ಬೆಳೆಯುವುದು ನಿಜ, ಆದರೆ ಗಾಳಿಗಿಡಗಳ ಒಡಹುಟ್ಟು. ಕೇಪಳದಷ್ಟೇ ನಮ್ಮದು ಎನ್ನಿಸುವಷ್ಟು ಅದು ಇಲ್ಲಿಗೆ ಒಗ್ಗಿಹೋಗಿದೆ.

ಕೊಲಂಬಸನ ಕಡೆಯವರು ಇದನ್ನು ಮೊದಲು ಕಂಡದ್ದು 1493ರಲ್ಲಿ, ಎರಡನೆಯ ಯಾನದಲ್ಲಿ, ಗ್ವಾದೆಲೂಪ್ ದ್ವೀಪದಲ್ಲಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಂದಿಗೆ ಅದು ನಮ್ಮ ಪಡುವಣ ಕರಾವಳಿಗೆ ಇಳಿಯಿತು. ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಇದರ ಹೆಸರು 'ಕಟಹಲ್-ಇ-ಸಫರಿ', ಅಂದರೆ ಪಯಣದ ಹಲಸು. ಫರಂಗಿಯವರ ಬಂದರುಗಳಿಂದ ಬಂದ ಈ ಹಣ್ಣು ಈಗ ಆಗ್ರಾದ ಗುಲ್‌ಅಫ್‌ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಬೆಳೆಯುತ್ತದೆ ಎಂದು ಜಹಾಂಗೀರ್ ತನ್ನ ದಿನಚರಿಯಲ್ಲಿ ಹೆಮ್ಮೆಯಿಂದ ದಾಖಲಿಸಿದ್ದಾನೆ.

ಹೆಸರುಗಳನ್ನು ಗಮನಿಸಿ. ಆಗ್ರಾದವರಿಗೆ ಅದು ಪಯಣದ ಹಲಸು. ವಾನ್ ರೀಡನ ಗ್ರಂಥದಲ್ಲಿ 'ಕಾಪ ಚಕ್ಕ'. ಇಂದಿನ ಮಲಯಾಳದಲ್ಲಿ ಕೈತಚ್ಚಕ್ಕ: ಕೈತ ಎಂದರೆ ಕೇದಗೆ, ಚಕ್ಕ ಎಂದರೆ ಹಲಸು. ಎಲೆ ಕೇದಗೆಯಂತೆ, ಹಣ್ಣು ಹಲಸಿನಂತೆ! ಕನ್ನಡಕ್ಕೆ ಮಾತ್ರ ದಕ್ಷಿಣ ಅಮೆರಿಕದ ಆದಿವಾಸಿಗಳ ಮಾತೇ ಪೋರ್ಚುಗೀಸರ ಬಾಯಿಯಿಂದ ಅನಾನಸು ಆಗಿ ಬಂತು. ಹೊರಗಿನಿಂದ ಬಂದದ್ದಕ್ಕೆ ಜನ ಎರಡು ಬಗೆಯಲ್ಲಿ ಜಾಗ ಕೊಡುತ್ತಾರೆ: ನಮ್ಮ ಮನೆಯ ಹೆಸರು ಕೊಟ್ಟು, ಇಲ್ಲವೇ ಅದರ ಹೆಸರನ್ನೇ ನಮ್ಮ ನಾಲಿಗೆಗೆ ಹೊಂದಿಸಿಕೊಂಡು. ನಮ್ಮ ಜಿಲ್ಲೆಯ ಮಕ್ಕಳಿಗೆ ಎರಡೂ ಹೆಸರು ಗೊತ್ತಿರುತ್ತದೆ. ಇದು ಗಡಿಯಲ್ಲಿ ಬೆಳೆದವರ ಭಾಗ್ಯ.

ಕಡಲಿಗೆ ಹೆದರಿದ ವೈದ್ಯ

ಬ್ರೊಮೆಲಿಯಾಡ್ ಎಂಬ ಹೆಸರು ಬಂದದ್ದು ಸ್ವೀಡನ್ನಿನ ವೈದ್ಯ ಓಲೋಫ್ ಬ್ರೊಮೇಲಿಯಸ್ ಎಂಬವರಿಂದ. ಫ್ರೆಂಚ್ ಸಂನ್ಯಾಸಿ, ಸಸ್ಯಶೋಧಕ ಶಾರ್ಲ್ ಪ್ಲೂಮಿಯೆ ಅವರ ಗೌರವಕ್ಕಾಗಿ ಈ ಹೆಸರಿಟ್ಟ. ಆ ವೈದ್ಯರು ಈ ಗಿಡ ಬೆಳೆಯುವ ಕಾಡನ್ನು ಕಂಡವರಲ್ಲ.

ಇದಕ್ಕಿಂತ ಸ್ವಾರಸ್ಯದ ಕಥೆ ಟಿಲ್ಲಾಂಡ್ಸಿಯಾ ಎಂಬ ಹೆಸರಿನದು. ಈ ಕುಟುಂಬದ ಅತಿದೊಡ್ಡ ಬಳಗ ಇದೇ. 600ಕ್ಕೂ ಹೆಚ್ಚು ಜಾತಿಗಳಿವೆ. ನರ್ಸರಿಯವರು 'ಏರ್ ಪ್ಲಾಂಟ್' ಎಂದು ಮಣ್ಣಿಲ್ಲದೆ ಮಾರುವುದು ಇವನ್ನೇ. ಇಂದಿನ ಫಿನ್‌ಲ್ಯಾಂಡಿನ ತುರ್ಕು ನಗರದಲ್ಲಿ ವೈದ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಎಲಿಯಾಸ್ (1640-1693) ಎಂಬವರು ಒಮ್ಮೆ ಸ್ಟಾಕ್‌ಹೋಮಿಗೂ ತುರ್ಕುವಿಗೂ ನಡುವಿನ ಕೊಲ್ಲಿಯಲ್ಲಿ ಪಯಣ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಬಳಲಿಹೋದರಂತೆ. ಮತ್ತೆಂದೂ ಕಡಲಿಗಿಳಿಯೆ ಎಂದು, ಮರಳುವಾಗ ಕೊಲ್ಲಿಯನ್ನು ಬಳಸಿ ನೂರಾರು ಮೈಲಿ ನೆಲದ ಮೇಲೆಯೇ ಹೋದರಂತೆ. ಆಮೇಲೆ 'ನೆಲದ ಮೂಲಕ' ಎಂಬರ್ಥ ಬರುವಂತೆ ಟಿಲ್ಲಾಂಡ್ಜ್ ಎಂಬ ಹೆಸರನ್ನೇ ಇಟ್ಟುಕೊಂಡರಂತೆ. ಈ ಕಥೆ ಹೇಳಿದವನು ಲಿನೇಯಸ್. ನೀರೇ ಬೇಡವೆನ್ನುವಂತೆ ಒಣ ಕೊಂಬೆಯಲ್ಲಿ ಕುಳಿತ ಗಿಡಗಳಿಗೆ ಅವನು ಇದೇ ವೈದ್ಯರ ಹೆಸರಿಟ್ಟ.

ಕಥೆ ಚೆನ್ನಾಗಿದೆ, ಆದರೆ ಗಿಡದ ಮಟ್ಟಿಗೆ ಇದು ಅರ್ಧ ಸತ್ಯ. ಟಿಲ್ಲಾಂಡ್ಸಿಯಾಕ್ಕೆ ನೀರು ಬೇಡವೆಂದಲ್ಲ, ಅದು ನೀರು ಕುಡಿಯುವ ದಾರಿಯೇ ಬೇರೆ. ಎಲೆಯ ಮೇಲೆ ಬೂದಿ ಬಳಿದಂತೆ ಕಾಣುವುದು ಸಾವಿರಾರು ಸಣ್ಣ ಹುರುಪೆಗಳು. ಮಳೆಯ ಹನಿಯೋ ಮಂಜೋ ತಗಲಿದ ಕೂಡಲೆ ಅವು ನೀರನ್ನು ಹೀರಿ ಎಲೆಯೊಳಕ್ಕೆ ಕಳಿಸುತ್ತವೆ; ಒಣಗಿದಾಗ ಮುಚ್ಚಳದಂತೆ ಮುಚ್ಚಿಕೊಂಡು ನೀರು ಹೊರಹೋಗದಂತೆ ಕಾಯುತ್ತವೆ. ಬೇರಿಗೆ ಕೊಂಬೆಯನ್ನು ಹಿಡಿದುಕೊಳ್ಳುವ ಕೆಲಸ ಮಾತ್ರ. ಜರ್ಮನಿಯ ಸಸ್ಯವಿಜ್ಞಾನಿ ಶಿಂಪರ್ 1880ರ ದಶಕದಲ್ಲಿ ವೆಸ್ಟ್ ಇಂಡೀಸ್ ಮತ್ತು ಬ್ರೆಜಿಲ್ ಕಾಡುಗಳಲ್ಲಿ ಇವನ್ನು ಅಭ್ಯಾಸ ಮಾಡಿ 1888ರಲ್ಲಿ ಅಮೆರಿಕದ ಅಪ್ಪುಗಿಡಗಳ ಬಗ್ಗೆ ಪುಸ್ತಕವನ್ನೇ ಬರೆದ. ಇನ್ನೊಂದು ಉಪಾಯವೂ ಇವಕ್ಕಿದೆ. ಹಗಲಿನ ಬಿಸಿಲಿಗೆ ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಸಂಗ್ರಹಿಸಿಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ಆ ಸಂಗ್ರಹದಿಂದ ಅಡುಗೆ! ನಮ್ಮ ಅನಾನಸಿನದೂ ಇದೇ ಕ್ರಮ.

ಇದೇ ಬಳಗದ ಇನ್ನೊಂದು ಗಿಡ ಅಮೆರಿಕದ ತೆಂಕಣ ರಾಜ್ಯಗಳಲ್ಲಿ ಓಕ್ ಮರಗಳಿಂದ ನೆರೆತ ಗಡ್ಡದಂತೆ ಇಳಿಬೀಳುತ್ತದೆ. ಬೆಳೆದ ಗಿಡಕ್ಕೆ ಬೇರೇ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಪ್ಯಾನಿಷ್ ಪಾಚಿ' ಎಂದು ಹೆಸರು. ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ. ಫ್ರೆಂಚರು ಸ್ಪೇನಿನವರನ್ನು ಹಂಗಿಸಲು 'ಸ್ಪೇನಿನವನ ಗಡ್ಡ' ಎಂದರಂತೆ, ಸ್ಪೇನಿನವರು ತಿರುಗಿ 'ಫ್ರೆಂಚನ ಕೂದಲು' ಎಂದರಂತೆ. ಜಗಳ ಅವರವರದು, ಹೆಸರು ಹೊತ್ತುಕೊಂಡದ್ದು ಪಾಪದ ಗಿಡ. ಲೂಸಿಯಾನಾದಲ್ಲಿ ಇದನ್ನು ಕೊಳೆಸಿ, ನಾರು ಬಿಡಿಸಿ ಹಾಸಿಗೆಗೂ ಕುರ್ಚಿಯ ಮೆತ್ತೆಗೂ ತುಂಬುವ ಉದ್ಯಮವೇ 20ನೇ ಶತಮಾನದ ನಡುಭಾಗದ ತನಕ ಇತ್ತು. ನಮ್ಮಲ್ಲಿ ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುವವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ.

ಎಲೆಯ ಬಟ್ಟಲಿನ ಕೆರೆ

ಬ್ರೊಮೆಲಿಯಾಡುಗಳಲ್ಲಿ ಇನ್ನೊಂದು ಪಂಗಡವಿದೆ. ಇವುಗಳ ಅಗಲವಾದ ಎಲೆಗಳು ಬುಡದಲ್ಲಿ ಒಂದನ್ನೊಂದು ತಬ್ಬಿ ಬಟ್ಟಲಾಗುತ್ತವೆ. ಅದರಲ್ಲಿ ಮಳೆನೀರು ನಿಲ್ಲುತ್ತದೆ, ತರಗೆಲೆ ಬಿದ್ದು ಕೊಳೆಯುತ್ತದೆ, ಹುಳುಹುಪ್ಪಟೆ ಬದುಕುತ್ತವೆ, ಕೆಲವು ಕಪ್ಪೆಗಳು ಅಲ್ಲೇ ಮೊಟ್ಟೆಯಿಡುತ್ತವೆ. ನೆಲದಿಂದ ಎಷ್ಟೋ ಆಳೆತ್ತರದಲ್ಲಿ ಒಂದು ಪುಟ್ಟ ಕೆರೆ!

ಈ ಕೆರೆಯೊಳಕ್ಕೆ ಮೊದಲು ಬಗ್ಗಿ ನೋಡಿದವರಲ್ಲಿ ಒಬ್ಬ ಶಾಲಾ ಮಾಸ್ತರ. ಫ್ರಿಟ್ಸ್ ಮ್ಯುಲ್ಲರ್ ಜರ್ಮನಿಯಿಂದ 1852ರಲ್ಲಿ ಬ್ರೆಜಿಲಿಗೆ ವಲಸೆ ಹೋದವನು. ಸಾಂತಾ ಕತರೀನಾ ಪ್ರಾಂತದ ಬ್ಲುಮೆನೌ ಎಂಬ ಜರ್ಮನ್ ಮಾತಿನ ವಸಾಹತಿನಲ್ಲಿ ಕಾಡು ಕಡಿದು ಬೇಸಾಯ ಮಾಡಿದ, ಕೆಲವು ವರ್ಷ ಕರಾವಳಿಯ ಪಟ್ಟಣದಲ್ಲಿ ಗಣಿತ ಕಲಿಸಿದ. ಡಾರ್ವಿನ್ನನೊಂದಿಗೆ ಅವನಿಗೆ ವರ್ಷಗಟ್ಟಲೆ ಪತ್ರವ್ಯವಹಾರವಿತ್ತು. 1880ರ ಹೊತ್ತಿಗೆ ಅವನು ಬ್ರೊಮೆಲಿಯಾಡಿನ ನೀರಿನಲ್ಲಿ ಸಾಸಿವೆಗಿಂತಲೂ ಚಿಕ್ಕದಾದ, ಚಿಪ್ಪಿರುವ ಒಂದು ಜಲಜೀವಿಯನ್ನು ಕಂಡು ಎಲ್ಪಿಡಿಯಂ ಬ್ರೊಮೆಲಿಯಾರಂ ಎಂದು ಹೆಸರಿಟ್ಟ. ಸಿಗಡಿ ಏಡಿಗಳ ದೂರದ ನೆಂಟ, ಮರದ ತುದಿಯಲ್ಲಿ ವಾಸ! 1913ರಲ್ಲಿ ಕೋಸ್ಟರಿಕದ ಕ್ಲೊದೊಮಿರೊ ಪಿಕಾದೊ ಬ್ರೊಮೆಲಿಯಾಡಿನೊಳಗಿನ ಜೀವಲೋಕದ ಬಗ್ಗೆಯೇ ಡಾಕ್ಟರೇಟ್ ಪ್ರಬಂಧ ಬರೆದ. ದೊಡ್ಡ ಪ್ರಯೋಗಾಲಯವಿಲ್ಲ, ಪೇಟೆಯಿಂದ ದೂರ, ಊರಿನದು ಒಂದು ಭಾಷೆ ಸರಕಾರದ್ದು ಇನ್ನೊಂದು - ಮ್ಯುಲ್ಲರನಿಗಿದ್ದ ಈ ಸ್ಥಿತಿ ನಮ್ಮ ಶಾಲೆಗಳಿಗೆ ಹೊಸದಲ್ಲ. ಕಣ್ಣು ತೆರೆದು ನೋಡಿದ್ದೇ ಅವನ ಬಂಡವಾಳ.

ಗಿಡದ ಮೇಲೆ ಬಂದ ಆಪಾದನೆ

ಇದೇ ಬಟ್ಟಲ ನೀರು ಮುಂದೆ ಗಿಡಕ್ಕೆ ಮುಳುವಾಯಿತು.

ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪ ನಮಗೆ ತೀರಾ ಅಪರಿಚಿತವಲ್ಲ. 1845ರಿಂದ 1917ರ ವರೆಗೆ ಸುಮಾರು 1,44,000 ಭಾರತೀಯರನ್ನು ಕರಾರು ಕೂಲಿಗಳಾಗಿ ಅಲ್ಲಿಗೆ ಸಾಗಿಸಿದರು. ಕಬ್ಬಿನ ಗದ್ದೆಗಳಲ್ಲೂ ಕೋಕೋ ತೋಟಗಳಲ್ಲೂ ದುಡಿದವರು ಅವರು. ಕೋಕೋಗೆ ನೆರಳಿಗಾಗಿ ಅಲ್ಲಿ ನೆಟ್ಟದ್ದು ನಮ್ಮಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಜಾತಿಯ ಮರಗಳನ್ನು. ಆ ಮರಗಳ ತುಂಬ ಬ್ರೊಮೆಲಿಯಾಡುಗಳು, ಬ್ರೊಮೆಲಿಯಾಡಿನ ಬಟ್ಟಲಲ್ಲಿ ಅನಾಫಿಲಿಸ್ ಬೆಲೇಟರ್ ಎಂಬ ಸೊಳ್ಳೆಯ ಮರಿಗಳು. ಈ ಸೊಳ್ಳೆ ಮಲೇರಿಯಾ ಹರಡುತ್ತದೆ. ಕೆಳಗಿನ ಜವುಗು, ಚರಂಡಿಗಳನ್ನು ಎಷ್ಟು ಒಣಗಿಸಿದರೂ ತೋಟದವರ ಜ್ವರ ನಿಲ್ಲದಿದ್ದುದಕ್ಕೆ ಕಾರಣ ಮೇಲೆ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೌನ್ಸ್ ಮತ್ತು ಪಿಟೆಂಡ್ರೈ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ವಿವರವಾಗಿ ಅಭ್ಯಾಸ ಮಾಡಿ 1946ರಲ್ಲಿ ಪ್ರಕಟಿಸಿದರು. ಮೈಲುತುತ್ತದ ದ್ರಾವಣವನ್ನು ಮರಗಳ ಮೇಲೆ ಸಿಂಪಡಿಸಿ ಬ್ರೊಮೆಲಿಯಾಡುಗಳನ್ನು ಸಾಯಿಸಲಾಯಿತು. ನಾವು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಅದೇ ಮೈಲುತುತ್ತ. ಯಾವ ಸೊಳ್ಳೆ ಯಾವ ಎತ್ತರದಲ್ಲಿ ಯಾವ ಹೊತ್ತಿಗೆ ಕಚ್ಚುತ್ತದೆ ಎಂದು ಮರದ ಮೇಲೆ ಕುಳಿತು ಲೆಕ್ಕವಿಟ್ಟ ಪಿಟೆಂಡ್ರೈ ಮುಂದೆ ಜೀವಿಗಳೊಳಗಿನ ಗಡಿಯಾರದ ಬಗ್ಗೆ ಜಗತ್ಪ್ರಸಿದ್ಧ ವಿಜ್ಞಾನಿಯಾದ.

ದಕ್ಷಿಣ ಬ್ರೆಜಿಲಿನಲ್ಲಿ ನಡೆದದ್ದು ಇನ್ನೂ ದೊಡ್ಡದು. ಮ್ಯುಲ್ಲರ್ ಬೆರಗಿನಿಂದ ಬಗ್ಗಿ ನೋಡಿದ ಅದೇ ಸಾಂತಾ ಕತರೀನಾದಲ್ಲಿ 1940ರ ದಶಕದಲ್ಲಿ ಊರೂರಿಗೆ ಮಲೇರಿಯಾ ಹಬ್ಬಿತು. 'ಬ್ರೊಮೆಲಿಯಾ ಮಲೇರಿಯಾ' ಎಂದೇ ಅದಕ್ಕೆ ಹೆಸರಾಯಿತು. ಸರಕಾರದ ಮಲೇರಿಯಾ ಇಲಾಖೆಯವರು ಆಳುಗಳನ್ನು ಮರ ಹತ್ತಿಸಿ ಬ್ರೊಮೆಲಿಯಾಡುಗಳನ್ನು ಕಿತ್ತು ಹಾಕಿಸಿದರು. ಸಾಲದೆ ಬಂದಾಗ ಊರಿನ ಸುತ್ತ ಪಟ್ಟಿಯಂತೆ ಕಾಡನ್ನೇ ಕಡಿಸಿದರು. ಇದೇ ಹೊತ್ತಿಗೆ ರೌಲಿನೊ ರೈಟ್ಸ್ ಎಂಬ ಪಾದ್ರಿ, ಸಸ್ಯವಿಜ್ಞಾನಿ, ಆ ರಾಜ್ಯದ ಬ್ರೊಮೆಲಿಯಾಡುಗಳನ್ನು ಒಂದೊಂದಾಗಿ ಗುರುತಿಸಿ ಯಾವುದರ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ ಎಂದು ಪರಿಶೀಲಿಸುತ್ತ ಹೋದರು. ಅವರ ಗ್ರಂಥ ಹೊರಬಂದದ್ದು 1983ರಲ್ಲಿ.

ಇಲ್ಲಿ ಯಾರನ್ನು ದೂರುವುದು? ಜ್ವರದಲ್ಲಿ ನರಳುವ ಮಕ್ಕಳ ತಂದೆತಾಯಿಗೆ ಗಿಡದ ಚೆಲುವು ದೊಡ್ಡದಲ್ಲ, ಅದು ನ್ಯಾಯವೇ. ಆದರೆ "ನೀರು ನಿಲ್ಲುವ ಗಿಡವೆಲ್ಲ ಅಪರಾಧಿ" ಎನ್ನುವುದಕ್ಕೂ "ಈ ಸೊಳ್ಳೆ, ಈ ನೀರು, ಈ ಹೊತ್ತು" ಎಂದು ತಿಳಿದು ಹೇಳುವುದಕ್ಕೂ ಅಜಗಜಾಂತರ. ಡೆಂಗಿಯ ಕಾಲದಲ್ಲಿ ಇದೇ ಆಪಾದನೆ ಮತ್ತೆ ಬಂತು. ರಿಯೊ ಡಿ ಜನೈರೊದಲ್ಲಿ 2000ರ ದಶಕದಲ್ಲಿ ಬ್ರೊಮೆಲಿಯಾಡಿನ ನೀರನ್ನು ಪರೀಕ್ಷಿಸಿದಾಗ ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯ ಮರಿಗಳು ಸಿಕ್ಕಿದ್ದು ತೀರಾ ಕಡಿಮೆ. ಉಳಿದವೆಲ್ಲ ಬೇರೆ ಜಾತಿಯವು. ನಮ್ಮಲ್ಲಿ ಅನಾನಸಿನ ಎಲೆಸಂದಿಯಲ್ಲಿ ಡೆಂಗಿ ಹರಡಬಲ್ಲ ಇನ್ನೊಂದು ಈಡಿಸ್ ಸೊಳ್ಳೆ ಹುಟ್ಟುವುದುಂಟು. ಆದರೆ ರಬ್ಬರಿನ ಚಿರಟೆ, ಬಿದ್ದ ಅಡಿಕೆ ಹಾಳೆ, ಹಿತ್ತಲಿಗೆ ಎಸೆದ ಡಬ್ಬಿಗಳನ್ನು ಹಾಗೆಯೇ ಬಿಟ್ಟು ಗಿಡದ ಮೇಲೆ ಗೂಬೆ ಕೂರಿಸಿದರೆ ಜ್ವರ ಬಿಡುತ್ತದೆಯೇ?

ತೋಟಕ್ಕೆ ಬಂದ ಕಾಡು

ಒಂದು ಕಡೆ ಕಿತ್ತು ಎಸೆಯುತ್ತಿದ್ದ ಕಾಲದಲ್ಲೇ ಇನ್ನೊಂದು ಕಡೆ ಇದೇ ಗಿಡಗಳಿಗೆ ತೋಟದಲ್ಲಿ ಮಣೆ ಹಾಕಿದವರಿದ್ದರು. ಬ್ರೆಜಿಲಿನ ರಾಬರ್ಟೊ ಬರ್ಲೆ ಮಾರ್ಕ್ಸ್ (1909-1994) ಅವರಲ್ಲಿ ಮುಖ್ಯ. ಯುರೋಪಿನ ಗುಲಾಬಿಯೇ ತೋಟದ ಭೂಷಣವೆಂದು ಸಿರಿವಂತರು ತಿಳಿದಿದ್ದ ದಿನಗಳಲ್ಲಿ ಆತ ತನ್ನ ನೆಲದ ಬ್ರೊಮೆಲಿಯಾಡುಗಳನ್ನೇ ಸಾರ್ವಜನಿಕ ತೋಟಗಳಿಗೆ ತಂದ. 1949ರಲ್ಲಿ ರಿಯೊ ಹೊರವಲಯದಲ್ಲಿ ಜಾಗ ಕೊಂಡು ಸಸ್ಯಗಳನ್ನು ಕೂಡಿಹಾಕಿದ; 1985ರಲ್ಲಿ ಅದನ್ನು ಸರಕಾರಕ್ಕೇ ಕೊಟ್ಟ. 2021ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಮೆರಿಕದ ಫ್ಲೋರಿಡಾದಲ್ಲಿ ಮಲ್ಫರ್ಡ್ ಫಾಸ್ಟರ್ ಮತ್ತು ಆತನ ಪತ್ನಿ ರಸೀನ್ ಬ್ರೆಜಿಲ್ ಕಾಡುಗಳನ್ನು ಸುತ್ತಿ ಗಿಡಗಳನ್ನು ತಂದರು. 1950ರಲ್ಲಿ ಬ್ರೊಮೆಲಿಯಾಡ್ ಸೊಸೈಟಿ ಹುಟ್ಟಿದಾಗ ಫಾಸ್ಟರ್ ಅದರ ಮೊದಲ ಅಧ್ಯಕ್ಷ.

ಪ್ರೀತಿಯೂ ಗಿಡಕ್ಕೆ ಅಪಾಯವೇ. ಬೇಡಿಕೆ ಹೆಚ್ಚಿದಂತೆ ಕಾಡಿನಿಂದ ಚೀಲಗಟ್ಟಲೆ ಕಿತ್ತು ಮಾರುವವರು ಹುಟ್ಟಿಕೊಂಡರು. ಮೆಕ್ಸಿಕೊ, ಗ್ವಾಟೆಮಾಲಾಗಳ ಟಿಲ್ಲಾಂಡ್ಸಿಯಾ ಜೆರೋಗ್ರಾಫಿಕಾ ಎಂಬ ಜಾತಿಯ ವ್ಯಾಪಾರ ಈಗ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿದೆ. ನಮ್ಮ ಸೀತಾಳೆ, ಮರಬಾಳೆಗಳೂ ಸೇರಿದಂತೆ ಕಾಡಿನ ಆರ್ಕಿಡುಗಳೆಲ್ಲ ಅದೇ ಒಪ್ಪಂದದ ಪಟ್ಟಿಯಲ್ಲಿವೆ. ಆದ್ದರಿಂದ ಶಾಲೆಯ ತೋಟಕ್ಕೆ ಬೇಕೆಂದರೆ ಕಾಡಿನಿಂದ ಕಿತ್ತು ತರುವುದು ಬೇಡ. ನರ್ಸರಿಯಲ್ಲಿ ಬೆಳೆಸಿದ್ದು ಸಿಗುತ್ತದೆ. ಇಲ್ಲವೇ ಗಾಳಿಮಳೆಗೆ ಬಿದ್ದ, ಕಡಿದು ಉರುಳಿಸಿದ ಮರದಲ್ಲಿದ್ದುದನ್ನು ಎತ್ತಿ ತಂದು, ತೆಂಗಿನ ಸಿಪ್ಪೆಯ ತುಂಡು ಒತ್ತಿಕೊಟ್ಟು ಹುರಿಹಗ್ಗದಿಂದ ಹಲಸಿನ ಕೊಂಬೆಗೆ ಕಟ್ಟಿದರೆ ಎರಡು ಮಳೆಗಾಲದಲ್ಲಿ ಬೇರು ಹಿಡಿಯುತ್ತದೆ. ಮಣ್ಣಿನ ಕುಂಡದಲ್ಲಿ ಹೂತರೆ ಕೊಳೆಯುತ್ತದೆ, ನೆನಪಿರಲಿ.

ಗಾಳಿಯ ಸಾಕ್ಷಿ

ಕೊನೆಯ ಪುಟ ನಮಗೆ ಎಲ್ಲಕ್ಕಿಂತ ಹತ್ತಿರದ್ದು. ನೆಲದ ಗಿಡ ನೆಲದಿಂದ ಉಣ್ಣುತ್ತದೆ. ಗಾಳಿಗಿಡ ಗಾಳಿಯಿಂದಲೇ ಉಣ್ಣಬೇಕು. ಗಾಳಿಯಲ್ಲಿ ಒಳ್ಳೆಯದಿದ್ದರೆ ಒಳ್ಳೆಯದು, ವಿಷವಿದ್ದರೆ ವಿಷ. ಬೇಡವೆನ್ನುವ ಆಯ್ಕೆ ಅದಕ್ಕಿಲ್ಲ. ಈ ಗುಣವನ್ನೇ ಹಿಡಿದು ಬ್ರೆಜಿಲಿನ ಸಾವೊ ಪೌಲೊದಲ್ಲಿ, ಅರ್ಜೆಂಟೀನಾದ ಊರುಗಳಲ್ಲಿ ವಿಜ್ಞಾನಿಗಳು ಟಿಲ್ಲಾಂಡ್ಸಿಯಾಗಳನ್ನು ರಸ್ತೆ, ಕಾರ್ಖಾನೆಗಳ ಬಳಿ ತೂಗುಹಾಕಿ, ಕೆಲವು ವಾರಗಳ ನಂತರ ಎಲೆಯನ್ನು ಪರೀಕ್ಷಿಸಿ ಗಾಳಿಯಲ್ಲಿ ಎಷ್ಟು ಸೀಸ, ಎಷ್ಟು ಸತು ಇತ್ತೆಂದು ಹೇಳುತ್ತಾರೆ. ದುಬಾರಿ ಯಂತ್ರ ಇಲ್ಲದ ಕಡೆ ಗಿಡವೇ ಸಾಕ್ಷಿ.

ನಮ್ಮ ಜಿಲ್ಲೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1970ರ ದಶಕದ ಕೊನೆಯಿಂದ 2000ನೇ ಇಸವಿಯ ತನಕ ಇಲ್ಲಿನ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಸುರಿದದ್ದು ಬಾವಿ, ಸುರಂಗ, ತೋಡುಗಳ ನೀರಿಗೂ ಬಿತ್ತು, ಮನುಷ್ಯರ ಮೈಗೂ ಸೇರಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ತಡೆ ಹಾಕಿತು. ಎಣ್ಮಕಜೆಯಂಥ ಕಡೆಗಳಲ್ಲಿ ಶಾಲೆಗೆ ಬರಲಾಗದೆ ಮಲಗಿದ ಮಕ್ಕಳನ್ನು ಕಂಡ ನಮಗೆ "ಗಾಳಿಯಿಂದ ಬಂದದ್ದನ್ನು ಬೇಡವೆನ್ನಲಾಗದು" ಎಂಬ ಮಾತು ಸಸ್ಯಶಾಸ್ತ್ರದ ಪಾಠ ಮಾತ್ರವಾಗಿ ಉಳಿಯುವುದಿಲ್ಲ. ಆ ದಿನಗಳಲ್ಲಿ ಗುಡ್ಡದ ಮರಬಾಳೆಗಳ ಲೆಕ್ಕವನ್ನು ವರ್ಷ ವರ್ಷ ಬರೆದಿಟ್ಟ ಒಂದು ಪಟ್ಟಿ ಇರುತ್ತಿದ್ದರೆ, ಗಾಳಿಯಲ್ಲಿ ಏನಾಗುತ್ತಿದೆ ಎಂದು ಕೇಳಲು ಅದೂ ಒಂದು ಆಧಾರವಾಗುತ್ತಿತ್ತು.

ಅದಕ್ಕಾಗಿಯೇ ಈ ಬರಹ. ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಾಗಿ ಅಗಲಿಸಿದಾಗ ಬದಿಯ ಹಳೆಯ ಮರಗಳು ಉರುಳಿದವು; ಅವುಗಳೊಂದಿಗೆ ಮೇಲಿದ್ದ ನೆಂಟರೂ ಹೋದರು. ಉಳಿದ ಮರಗಳು ಶಾಲೆಯ ಅಂಗಳಗಳಲ್ಲಿ, ನಾಗಬನಗಳಲ್ಲಿ, ಹಳೆಯ ತರವಾಡು ಮನೆಗಳ ಹಿತ್ತಲಲ್ಲಿ ಇವೆ. ಶಾಲೆಯ ಪ್ರಕೃತಿ ಕ್ಲಬ್ಬಿನವರು ವರ್ಷಕ್ಕೊಮ್ಮೆ, ಸೀತಾಳೆ ಹೂಬಿಡುವ ಮಳೆಗಾಲದ ಆರಂಭದಲ್ಲಿ, ಒಂದು ಪಟ್ಟಿ ಮಾಡಬಹುದು. ಯಾವ ಮರ, ಎಷ್ಟು ಅಪ್ಪುಗಿಡ, ಎಷ್ಟು ಬಂದಳಿಕೆ, ಕಳೆದ ವರ್ಷ ಎಷ್ಟಿತ್ತು - ಒಂದು ಇನ್ನೂರು ಪುಟದ ನೋಟುಪುಸ್ತಕ ಸಾಕು.

ಜತೆಗೆ ಇನ್ನೊಂದು ಕಾಲಮು ಇರಲಿ: ಮನೆಯಲ್ಲಿ ಅಜ್ಜಿ ಅದನ್ನು ಏನೆಂದು ಕರೆಯುತ್ತಾರೆ? ಒಂದೇ ತರಗತಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಕುಳಿತುಕೊಳ್ಳುವ ನಮ್ಮಂಥ ಶಾಲೆಗಳಿಗೆ ಇದು ಬೇರೆಲ್ಲೂ ಸಿಗದ ಸೌಲಭ್ಯ. ವಾನ್ ರೀಡನಿಗೆ ಹೆಸರು ಹೇಳಿಕೊಟ್ಟವರೂ ಹೀಗೆ ಬೇರೆ ಬೇರೆ ಮಾತಿನವರೇ ಆಗಿದ್ದರು. ಅವರು ಹೇಳಿದ್ದು ಬರಹಕ್ಕೆ ಬಂದದ್ದರಿಂದ ಇಂದಿಗೂ ಉಳಿಯಿತು. ನಿಮ್ಮ ಊರಿನಲ್ಲಿ ಮರಬಾಳೆಗೆ, ಸೀತಾಳೆಗೆ, ಮರದ ಜರಿಗಿಡಕ್ಕೆ ಏನು ಹೆಸರಿದೆ? ಹೊಸೂರು, ತಾಳವಾಡಿ, ನೀಲಗಿರಿ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯವರೂ ಬರೆದು ತಿಳಿಸಿ, ಪಟ್ಟಿಗೆ ಸೇರಿಸುತ್ತೇವೆ. ಮುಂದಿನ ಸಲ ಕತ್ತಿ ಹಿಡಿದು ಮರ ಹತ್ತುವವರನ್ನು ಕಂಡರೆ, ಬಂದಳಿಕೆ ಯಾವುದು ಅಪ್ಪುಗಿಡ ಯಾವುದು ಎಂದು ಕೆಳಗೆ ನಿಂತ ಮಕ್ಕಳೇ ತೋರಿಸಿಕೊಡಲಿ.